ಕೊನೆಯ ಸೈಕಲ್ ಯಾರದ್ದು?

ನಮ್ಮ ಕಾಸರಗೋಡಿನ ಮುಳ್ಳೇರಿಯ ಕಡೆಯ ಹುಡುಗರು ಹೊಸ ವಾಟ್ಸಾಪ್ ಗ್ರೂಪ್ ಮಾಡಿದ್ದಾರೆ. ಮಳೆ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಕನ್ಯಾಕುಮಾರಿಗೆ ಹೋಗುವ ಪ್ಲಾನು. ನನ್ನನ್ನೂ ಸೇರಿಸಿಕೊಂಡಿದ್ದಾರೆ, ತುಂಬ ಖುಷಿಯಾಯಿತು. ಮೂರು ದಿನದಿಂದ ಅಲ್ಲಿ ಒಂದೇ ಮಾತು. ಯಾವ ಸೈಕಲ್, ಎಷ್ಟು ಗೇರ್, ದಿನಕ್ಕೆ ಎಷ್ಟು ಕಿಲೋಮೀಟರ್. ಎಲ್ಲರಿಗಿಂತ ಹಿಂದೆ ಯಾರಿರುತ್ತಾರೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಮೊದಲು ತೀರ್ಮಾನ ಆಗಬೇಕಾದದ್ದು ಅದೇ ಅಲ್ವಾ?

ಈಜಿಪ್ಟಿನ ಕೈರೋದಿಂದ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ವರೆಗೆ ಒಂದು ಸೈಕಲ್ ಯಾತ್ರೆ ಇದೆ. ಹೆಸರು ಟೂರ್ ಡಿ ಆಫ್ರಿಕ್. ಶುರುವಾದದ್ದು 2003ರಲ್ಲಿ. ಸುಮಾರು 12,000 ಕಿ.ಮೀ., ನಾಲ್ಕು ತಿಂಗಳ ದಾರಿ. ಮೊದಲೆಲ್ಲ ಇಥಿಯೋಪಿಯಾದ ನೀಲ ನೈಲ್ ಕಣಿವೆಯಲ್ಲಿ ಸಾವಿರ ಮೀಟರ್‌ಗೂ ಜಾಸ್ತಿ ಇಳಿದು, ಸೇತುವೆ ದಾಟಿ, ಅಷ್ಟೇ ಎತ್ತರ ಮತ್ತೆ ಹತ್ತಬೇಕಿತ್ತು. ನನಗೆ ಇಷ್ಟವಾದದ್ದು ಆ ಏರಲ್ಲ, ಅವರ ವ್ಯವಸ್ಥೆ. ನಾಳೆಯ ದಾರಿಯನ್ನು ಹಿಂದಿನ ಸಂಜೆಯೇ ಬೋರ್ಡಿನಲ್ಲಿ ಬರೆದು ಎಲ್ಲರಿಗೂ ಹೇಳುತ್ತಾರೆ. ತಿರುವುಗಳಲ್ಲಿ ಬಣ್ಣದ ಪಟ್ಟಿ ಕಟ್ಟುತ್ತಾರೆ. ಅರ್ಧ ದಾರಿಯಲ್ಲಿ ಊಟದ ಲಾರಿ ಕಾಯುತ್ತಿರುತ್ತದೆ. ಆಗದವರು ಲಾರಿ ಹತ್ತಿ ಕೂರಬಹುದು. ಎಲ್ಲರಿಗಿಂತ ಹಿಂದೆ ತಂಡದವರೇ ಒಬ್ಬರು ಸೈಕಲ್ ತುಳಿಯುತ್ತಾ ಬರುತ್ತಾರೆ. ಅವರಿಗೆ ಸ್ವೀಪ್ ಅಂತ ಹೆಸರು. ಅವರು ಕ್ಯಾಂಪಿಗೆ ಬಂದರೆ ಮಾತ್ರ ಆ ದಿನ ಮುಗಿದ ಲೆಕ್ಕ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ತಂಡದ ಜೊತೆ ಚೆರ್ಕಳದಿಂದ ಮಡಿಕೇರಿಗೆ ಹೊರಟಿದ್ದೆ. ಆದೂರು ದಾಟಿದ ಮೇಲೆ ಒಂದು ಏರಿನಲ್ಲಿ ಹಿಂದಿನ ಚಕ್ರ ಪಂಚರ್ ಆಯಿತು. ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಪಂಪು ಮುಂದೆ ಹೋದವರ ಬ್ಯಾಗಿನಲ್ಲಿತ್ತು. ಫೋನಿಗೆ ನೆಟ್‌ವರ್ಕ್ ಇಲ್ಲ.

ಸೈಕಲ್ ತಳ್ಳಿಕೊಂಡು ಒಂದು ಗೂಡಂಗಡಿ ತಲುಪಿದೆ. ಅಂಗಡಿಯ ಅಜ್ಜ, "ನಿಮ್ಮವರೆಲ್ಲ ಆಗಲೇ ಹೋದರಲ್ಲ, ನೀವು ಒಬ್ಬರೇ ಬಾಕಿಯಾ?" ಅಂತ ಕೇಳಿದರು. ಆ ಮಾತು ಚುಚ್ಚಿತು. ಅವರೇ ಬಕೆಟಿನಲ್ಲಿ ನೀರು ತಂದಿಟ್ಟರು. ಟ್ಯೂಬನ್ನು ಸ್ವಲ್ಪ ಸ್ವಲ್ಪವೇ ಮುಳುಗಿಸಿ ನೋಡಿದೆವು. ವಾಲ್ವಿನ ಹತ್ತಿರ ಸಣ್ಣ ಗುಳ್ಳೆ, ಸಾಸಿವೆ ಕಾಳಿನಷ್ಟು. ಟಯರಿನ ಒಳಗೆ ಬೆರಳಾಡಿಸಿದಾಗ ಕೂದಲಿನಂಥ ತಂತಿ ಚೂರು ಸಿಕ್ಕಿತು. ಪ್ಯಾಚ್ ನನ್ನ ಹತ್ತಿರ ಇತ್ತು. ಪಂಪನ್ನು ಪಕ್ಕದ ಮನೆಯಿಂದ ಅಜ್ಜನ ಮೊಮ್ಮಗ ತಂದುಕೊಟ್ಟ. ಚಹಾದ ದುಡ್ಡನ್ನೂ ಅವರು ತೆಗೆದುಕೊಳ್ಳಲಿಲ್ಲ.

ನೆಟ್‌ವರ್ಕ್ ಬಂದಾಗ ಮೊದಲು ಬಂದದ್ದು ಸುಳ್ಯದ ಹೋಟೆಲಿನಲ್ಲಿ ಎಲ್ಲರೂ ನಗುತ್ತಾ ನಿಂತ ಫೋಟೋ. ನಾನು ಜಾಲ್ಸೂರಿನಿಂದ ವಾಪಸ್ ತಿರುಗಿದೆ. ಆ ತಂಡದ ಮೇಲೆ ಈಗ ಸಿಟ್ಟಿಲ್ಲ. ಬೇಜಾರು ಮಾತ್ರ ಹೋಗಿಲ್ಲ.

1923ರ ಅಕ್ಟೋಬರಿನಲ್ಲಿ ಬಾಂಬೆಯಿಂದ ಆರು ಜನ ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟಿದ್ದರು. ಪೂರ್ತಿ ಸುತ್ತಿ 1928ರಲ್ಲಿ ಊರಿಗೆ ಬಂದವರು ಮೂವರೇ: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ. ಒಬ್ಬರು ಟೆಹರಾನಿನಿಂದಲೇ ಹಿಂದಿರುಗಿದ್ದರು. ಅಷ್ಟು ಗಟ್ಟಿ ಜನರ ನಡುವೆಯೂ ಅರ್ಧ ದಾರಿಯಲ್ಲಿ ಬಿಟ್ಟವರು ಇದ್ದರು. ಹಾಗಿರುವಾಗ ನಮ್ಮಲ್ಲಿ ಒಬ್ಬನಿಗೆ ಕಣ್ಣೂರು ತಲುಪುವಾಗ ಮೊಣಕಾಲು ನೋವು ಬಂದರೆ ಅದು ಅವಮಾನ ಹೇಗಾಗುತ್ತದೆ? ಅವನು ಸೈಕಲನ್ನು ಪಿಕಪ್‌ಗೆ ಹಾಕಿ ಕೂರಲಿ. ಯಾರೂ ಏನೂ ಅನ್ನಬಾರದು. ಇದನ್ನು ಈಗಲೇ ಮಾತಾಡಿಕೊಳ್ಳೋಣ.

ದಿನಕ್ಕೆ 120 ಕಿ.ಮೀ. ಅಂತ ಬರೆದವರು ಅದನ್ನು ದಯವಿಟ್ಟು 80 ಮಾಡಿ. ನಮ್ಮಲ್ಲಿ ನಿಧಾನ ತುಳಿಯುವವರ ಕಾಲು ನೋಡಿ ಲೆಕ್ಕ ಹಾಕಿ.

ಭಾನುವಾರ ಬೆಳಿಗ್ಗೆ ಆರಕ್ಕೆ ಮುಳ್ಳೇರಿಯ ಪೇಟೆಯಲ್ಲಿ ಸೇರುವುದು, ಬದಿಯಡ್ಕವರೆಗೆ ಸುಮ್ನೆ ಒಂದು ಸುತ್ತು. ಹಿಂದೆ ನಾನು ಬರುತ್ತೇನೆ. ಪಂಪು ನನ್ನ ಬ್ಯಾಗಿನಲ್ಲಿರುತ್ತದೆ.