ಕಥೆ ಹೇಗೆ ಕಟ್ಟಿದಿರಿ ಅಂತಲೂ ಕೇಳ್ರಪ್ಪಾ

ಅಮೆರಿಕದ ಕಪ್ಪು ಲೇಖಕರ ಸಂದರ್ಶನ ಸಿಕ್ಕರೆ ನಾನು ಬಿಡುವುದಿಲ್ಲ. ಆದರೆ ಪ್ರಶ್ನೆ ಕೇಳುವವರ ಮೇಲೆ ಸಿಟ್ಟು ಬರುತ್ತದೆ. ಬಣ್ಣ, ನೋವು, ಗುಲಾಮಗಿರಿ, ಇಷ್ಟರಲ್ಲೇ ಸುತ್ತುತ್ತಾರೆ. ಇವೆಲ್ಲ ಬೇಕು, ಬೇಡ ಅಂದವರ್ಯಾರು? ಆದರೆ ಈ ಕಥೆಯನ್ನು ಹೀಗೇ ಯಾಕೆ ಹೇಳಿದಿರಿ ಅಂತ ಕೇಳುವವರು ಕಡಿಮೆ.

ಟೋನಿ ಮಾರಿಸನ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಅದಾದ ಮೇಲೂ ಟಿವಿಯಲ್ಲಿ ಒಬ್ಬರು, ಬಿಳಿಯರ ಬದುಕನ್ನು ಮುಖ್ಯವಾಗಿಟ್ಟು ಬರೆಯುವುದಿಲ್ಲವಾ ಎಂಬ ಧಾಟಿಯಲ್ಲಿ ಕೇಳಿದರು. ಬಿಳಿಯ ಲೇಖಕರನ್ನು ಹೀಗೆ ಕೇಳುತ್ತೀರಾ ಅಂತ ಮಾರಿಸನ್ ನೇರವಾಗಿಯೇ ತಿರುಗೇಟು ಕೊಟ್ಟರು.

ಅದೇ ಮಾರಿಸನ್ 1983ರಲ್ಲಿ 'ರೆಸಿಟಟಿಫ್' ಅಂತ ಒಂದು ಕಥೆ ಪ್ರಕಟಿಸಿದ್ದರು. ಟ್ವೈಲಾ, ರಾಬರ್ಟಾ ಎಂಬ ಇಬ್ಬರು ಹುಡುಗಿಯರು ಮಕ್ಕಳ ಆಶ್ರಮದ ಒಂದೇ ಕೋಣೆಯಲ್ಲಿರುತ್ತಾರೆ. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಯಾರು ಯಾವುದು? ಕೊನೆಯವರೆಗೂ ಹೇಳುವುದಿಲ್ಲ! ಒಬ್ಬಳ ಅಮ್ಮ ರಾತ್ರಿಯೆಲ್ಲ ಕುಣಿಯುವವಳು. ಇನ್ನೊಬ್ಬಳ ಅಮ್ಮ ಕೈಯಲ್ಲಿ ಬೈಬಲ್ ಹಿಡಿದು, ಚಿಕನ್ ಕಟ್ಟಿಕೊಂಡು ಬರುತ್ತಾಳೆ. ಮುಂದೆ ರಾಬರ್ಟಾ ಕಾರು, ಡ್ರೈವರ್ ಇರುವ ಶ್ರೀಮಂತೆಯಾಗುತ್ತಾಳೆ. ಹಾಗಾದರೆ ಅವಳೇ ಬಿಳಿಯವಳು ಅಂತ ನಮ್ಮ ತಲೆ ಲೆಕ್ಕ ಹಾಕುತ್ತದೆ. ಮುಂದಿನ ಪುಟದಲ್ಲಿ ಆ ಲೆಕ್ಕ ತಪ್ಪಿತೇನೋ ಅನ್ನಿಸುತ್ತದೆ. ಸಿಕ್ಕಿಬೀಳುವುದು ಓದುವ ನಾವು. ಬಣ್ಣದ ಬಗ್ಗೆ ಇದಕ್ಕಿಂತ ಚುರುಕಾಗಿ ಇನ್ನೇನು ಹೇಳಬೇಕು ಹೇಳಿ?

ನಮ್ಮಲ್ಲೂ ಅಷ್ಟೇ ಅಲ್ವಾ? ವೇದಿಕೆ ಮೇಲೆ ದಲಿತ ಲೇಖಕರು ಕೂತರೆ ಅನುಭವದ ಪ್ರಶ್ನೆಗಳೇ ಜಾಸ್ತಿ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಮನೆಮನೆಯ ದೀಪಗಳು, ಆ ಜೋತಮ್ಮಂದಿರು, ರಾತ್ರಿ ಒಂದೆಡೆ ಸೇರಿ ಸುದ್ದಿ ಹೇಳಿಕೊಳ್ಳುತ್ತವೆ. ಅಂಥ ಬರವಣಿಗೆ ಸುಮ್ನೆ ನೋವಿನಿಂದ ಉದುರಿಬಿಡುತ್ತದಾ?

ಅಮೆರಿಕದ ಇನ್ನೊಬ್ಬ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಮಾತು ಕೇಳಿ. ಪಾತ್ರೆ ತೊಳೆಯುವುದು, ಚಿಪ್ಸ್ ಕಾರ್ಖಾನೆಯಲ್ಲಿ ತಪಾಸಣೆ, ಹೀಗೆ ಸಿಕ್ಕ ಕೆಲಸ ಮಾಡುತ್ತಾ, ಬೆಳಗಿನ ಜಾವ ಎರಡಕ್ಕೆ ಎದ್ದು ಬರೆದವರು. 1979ರಲ್ಲಿ ಬಂದ ಅವರ 'ಕಿಂಡ್ರೆಡ್' ಕಾದಂಬರಿಯಲ್ಲಿ 1976ರ ಕಪ್ಪು ಹೆಣ್ಣೊಬ್ಬಳು ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಹೋಗಿ ಬೀಳುತ್ತಾಳೆ. ಮೊದಲು ಆ ಪಾತ್ರ ಗಂಡಸಾಗಿತ್ತಂತೆ. ಆದರೆ ಅವನನ್ನು ಕಥೆಯೊಳಗೆ ಬದುಕಿಸಿ ಇಟ್ಟುಕೊಳ್ಳಲು ಆಗಲೇ ಇಲ್ಲ. ಅವನು ನಿಲ್ಲುವ ರೀತಿ, ಬಿಳಿಯರನ್ನು ನೋಡುವ ರೀತಿಯೇ ಸಾಕಿತ್ತು, ಆ ಕಾಲದವರು ಕೊಂದುಹಾಕಲು. ಹೆಣ್ಣಾದರೆ ಅಪಾಯಕಾರಿ ಅಂತ ಅವರಿಗೆ ಅಷ್ಟು ಬೇಗ ಅನ್ನಿಸುವುದಿಲ್ಲ. ಹಾಗಾಗಿ ಪಾತ್ರವನ್ನೇ ಬದಲಿಸಿದರು. ಇದನ್ನು ಓದಿದ ಮೇಲೆ ನಾನು 'ಕಿಂಡ್ರೆಡ್' ಅನ್ನು ಮೊದಲ ಪುಟದಿಂದ ಮತ್ತೆ ಶುರು ಮಾಡಿದೆ.