ಝೋನ್ ಒಳಗಿನ ರಿಕ್ಷಾ

ಮುಂಬೈಯ ಭಾಂಡುಪ್‌ನಲ್ಲಿ ನಮ್ಮ ಬಿಲ್ಡಿಂಗಿನ ಎದುರು, ಎಲ್.ಬಿ.ಎಸ್. ಮಾರ್ಗಕ್ಕೆ ತಾಗಿಕೊಂಡು ಒಂದು ಹಳೇ ಕಾರ್ಖಾನೆ ಇತ್ತು. ಈಗ ಆ ಜಾಗದಲ್ಲಿ ಮೂರು ಟವರ್ ಏಳುತ್ತಿವೆ. ಒಟ್ಟು 600 ಫ್ಲ್ಯಾಟ್. ಫ್ಲ್ಯಾಟಿಗೆ ಎರಡು ಪಾರ್ಕಿಂಗ್ ಅಂತ ಬೋರ್ಡಿನಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಇಷ್ಟೆಲ್ಲ ಬಂದರೆ ರಸ್ತೆಗೆ ಏನಾಗುತ್ತದೆ ಅಂತ ಒಂದು ವರದಿಯೂ ತಯಾರಾಗಿದೆ. ಏನೂ ಆಗುವುದಿಲ್ಲವಂತೆ.

ಸುಮ್ನೆ ಹೇಳುತ್ತಿಲ್ಲ. ಸೊಸೈಟಿ ಸೆಕ್ರೆಟರಿ ಆ ವರದಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಅದು ಕಳೆದುಹೋಗುವ ಮೊದಲೇ ನಾನು ಇಳಿಸಿಕೊಂಡೆ. ಓದುವ ಚಟ, ಏನು ಮಾಡುವುದು.

20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡಕ್ಕೆ ಮೊದಲೇ ಪರಿಸರ ಅನುಮತಿ ಬೇಕು ಅಂತ 2006ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಅದರ ಫಾರ್ಮ್ 1ಎ ಎಂಬ ಅರ್ಜಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ. ಗೇಟಿನಲ್ಲಿ ಒಳಗೆ ಬರುವ, ಹೊರಗೆ ಹೋಗುವ ವಾಹನಗಳನ್ನು ಹೇಗೆ ನಿಭಾಯಿಸುತ್ತೀರಿ ಅಂತ ಕೇಳುತ್ತಾರೆ. ಪ್ರಶ್ನೆ ಗೇಟಿನದು. ಉತ್ತರ ಮಾತ್ರ ವಸಾಯಿ, ಭಿವಂಡಿ, ಕರ್ಜತ್, ಅಲಿಬಾಗ್ ಎಲ್ಲ ಸುತ್ತಿಕೊಂಡು ಬಂದಿದೆ. ಯಾಕೆಂದರೆ ಲೆಕ್ಕ ಹಾಕಿದ್ದು ಇಡೀ ಮುಂಬೈ ಮಹಾನಗರ ಪ್ರದೇಶದ ಸಾರಿಗೆ ಮಾಡೆಲ್‌ನಲ್ಲಿ, ಅಂದರೆ ಯಾವ ರಸ್ತೆಯಲ್ಲಿ ಎಷ್ಟು ಗಾಡಿ ಓಡುತ್ತವೆ ಅಂತ ಕಂಪ್ಯೂಟರಿನಲ್ಲಿ ಅಂದಾಜು ಮಾಡುವ ಲೆಕ್ಕದಲ್ಲಿ. 6,000 ಚದರ ಕಿಲೋಮೀಟರಿಗೂ ಜಾಸ್ತಿ ಜಾಗ ಅದು. ಅಕ್ಕಿ ಮೂಟೆ ತೂಗುವ ಕಾಟಾದ ಮೇಲೆ ನಾಲ್ಕು ಏಲಕ್ಕಿ ಇಟ್ಟು, ‘ನೋಡಿ, ಮುಳ್ಳು ಅಲುಗಾಡಲೇ ಇಲ್ಲ’ ಅಂದ ಹಾಗಾಯಿತು.

ಇದನ್ನು ನನಗೆ ಬಿಡಿಸಿ ಹೇಳಿದವನು ಧಾರವಾಡ ಕಡೆಯ ಒಬ್ಬ ಹುಡುಗ. ಯಾವುದೋ ಕನ್ಸಲ್ಟೆಂಟ್ ಕಂಪನಿಯಲ್ಲಿ ಕೆಲಸ. ಕೈಯಲ್ಲಿ ಪ್ಯಾಡ್ ಹಿಡಿದು ಜಂಕ್ಷನ್ನಿನಲ್ಲಿ ಗಾಡಿ ಎಣಿಸಿ, ಬಿಸಿಲು ಏರಿದ ಮೇಲೆ ಶೆಟ್ರ ಹೋಟೆಲಿಗೆ ಬಂದು ಕೂರುತ್ತಿದ್ದ.

“ಇಡೀ ಏರಿಯಾನ ಝೋನ್ ಮಾಡಿ ಹೆಚ್ಚಿರತಾರ್ರಿ ಸರ. ಝೋನಿಗೊಂದು ಚುಕ್ಕಿ. ಆ ಝೋನಿನ ಮಂದಿ ಎಲ್ಲಾ ಮುಂಜಾನೆ ಆ ಚುಕ್ಕಿಯಿಂದನ ಹೊರಡತಾರ” ಅಂದ.

“ಅಷ್ಟು ಜನ ಒಂದು ಚುಕ್ಕಿಯಲ್ಲಿ ನಿಲ್ಲುವುದು ಹೇಗೆ ಮಾರಾಯ?” ಶೆಟ್ರು ಗಲ್ಲಾದಿಂದಲೇ ಕೇಳಿದರು. ಅವರ ಹೋಟೆಲಿನಲ್ಲಿ ಒಂಬತ್ತು ಟೇಬಲ್. ಜಾಗದ ಬೆಲೆ ಗೊತ್ತಿರುವ ಮನುಷ್ಯ.

ನಾನು ಬೇರೆ ಪ್ರಶ್ನೆ ಕೇಳಿದೆ. ಟವರಿನವರು ಸ್ಟೇಷನ್ನಿಗೆ ರಿಕ್ಷಾದಲ್ಲಿ ಹೋಗುತ್ತಾರಲ್ಲ, ಅದು ಎಲ್ಲಿ ಲೆಕ್ಕಕ್ಕೆ ಬಂದಿದೆ?

“ಟವರ್ ಮತ್ತ ಸ್ಟೇಷನ್ ಎರಡೂ ಒಂದ ಝೋನಿನ್ಯಾಗ ಅದಾವ್ರಿ. ಝೋನ್ ಒಳಗಿನ ಓಡಾಟ ರಸ್ತೆ ಮ್ಯಾಲ ಬರಂಗಿಲ್ರಿ.”

“ಮತ್ತೆ ಎಲ್ಲಿ ಬರುತ್ತದೆ?”

“ಎಲ್ಲೂ ಬರಂಗಿಲ್ರಿ ಸರ.”

ಇಪ್ಪತ್ತೆರಡು ವರ್ಷದಿಂದ ನಾನು ಸ್ಟೇಷನ್ ರೋಡಿನಲ್ಲಿ ಶೇರ್ ರಿಕ್ಷಾ ಕ್ಯೂನಲ್ಲಿ ನಿಲ್ಲುತ್ತಿದ್ದೇನೆ. ಮುಂದೆ ತರಕಾರಿ ಗಾಡಿ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಟೆಂಪೊ, ಹಿಂದೆ ಹಾರ್ನ್ ಒತ್ತುವ ಬಸ್. ಇದೆಲ್ಲ ನಡೆಯುತ್ತಲೇ ಇಲ್ಲ ಅಂತ ಆವತ್ತು ಗೊತ್ತಾಯಿತು.

ಮಾಡೆಲ್ ಎಂಬುದೇ ಬೊಗಳೆ ಅಂತ ನಾನು ಹೇಳುವುದಿಲ್ಲ. ಅದು 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೊ ಕಡೆ ಹುಟ್ಟಿದ್ದು. ಊರಿಗೆ ದೊಡ್ಡ ಹೆದ್ದಾರಿ ಎಲ್ಲಿ ಬೇಕು ಅಂತ ನೋಡುವುದಕ್ಕೆ ಮಾಡಿದ್ದು. ಎಷ್ಟು ಜನ ಹೊರಡುತ್ತಾರೆ, ಎಲ್ಲಿಗೆ, ಯಾವುದರಲ್ಲಿ, ಯಾವ ದಾರಿಯಲ್ಲಿ? ಇಷ್ಟೇ ಅದರ ನಾಲ್ಕು ಮೆಟ್ಟಿಲು. ಊರಿನಿಂದ ಅಮ್ಮ ಫೋನ್ ಮಾಡಿದರೂ ಇದೇ ನಾಲ್ಕು ಪ್ರಶ್ನೆ ಕೇಳುತ್ತಾರೆ. ನಮ್ಮ ತಲೆಮೇಲೆ ಹಾದುಹೋಗಲೆಂದು ಕಂಬ ನೆಟ್ಟ ಮೆಟ್ರೋ 4, ವಡಾಲದಿಂದ ಕಾಸರವಡವಲಿಗೆ ಹೋಗುವುದು, ಬೇಕೋ ಬೇಡವೋ ಅಂತ ನೋಡಲು ಇಂಥ ಮಾಡೆಲ್ ಬೇಕೇ ಬೇಕು. ಅಲ್ಲೂ ಅಂದಾಜು ಕೈಕೊಡುವುದುಂಟು. 2024ರ ಜನವರಿಯಲ್ಲಿ ಅಟಲ್ ಸೇತು ತೆರೆದಾಗ ದಿನಕ್ಕೆ 70,000 ವಾಹನ ಅಂದಿದ್ದರು. ಮೊದಲ ವರ್ಷ ಬಂದದ್ದು ಅದರ ಮೂರನೇ ಒಂದು ಪಾಲಿನಷ್ಟು. ಸಮುದ್ರ ದಾಟುವ 22 ಕಿಲೋಮೀಟರ್ ಸೇತುವೆಯ ಲೆಕ್ಕವೇ ಹೀಗೆ. ಅದೇ ಕನ್ನಡಕ ಹಾಕಿಕೊಂಡು ನಮ್ಮ ಗೇಟ್ ನೋಡಲು ಹೊರಟಿದ್ದಾರೆ.

ವರದಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಕೋಷ್ಟಕ. ರಸ್ತೆಯ ಸಾಮರ್ಥ್ಯಕ್ಕೆ ವಾಹನಗಳ ಪ್ರಮಾಣ ಟವರ್ ಇಲ್ಲದೆ 1.28, ಟವರ್ ಬಂದ ಮೇಲೆ 1.30. ಅಂದರೆ ನೂರು ಗಾಡಿ ಹಿಡಿಸುವ ರಸ್ತೆಯಲ್ಲಿ 130 ಗಾಡಿ ಹೋಗುತ್ತವೆ. ಹೋಗುವುದು ಹೇಗೆ ಸ್ವಾಮಿ? ಮಿಕ್ಕ ಮೂವತ್ತು ನಿಂತೇ ಇರಬೇಕಲ್ಲ! ಮಾಡೆಲ್‌ನಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ನಿಧಾನ ಹೋಗುತ್ತವೆ ಅಷ್ಟೆ. ಎಷ್ಟು ನಿಧಾನ ಅನ್ನುವುದಕ್ಕೆ 1964ರ ಒಂದು ಅಮೆರಿಕನ್ ಸೂತ್ರ ಇದೆ, ಈಗಲೂ ಬಳಕೆಯಲ್ಲಿದೆ. ನಾನು ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಖಾಲಿ ರಸ್ತೆಯಲ್ಲಿ 10 ನಿಮಿಷದ ದಾರಿ 1.30ಕ್ಕೆ 14 ನಿಮಿಷ ಚಿಲ್ಲರೆ ಆಗುತ್ತದೆ. ಶೆಟ್ರು ಆ ಬಿಲ್ಲನ್ನು ಗಾಜಿನ ಕೆಳಗೆ, ಲಕ್ಷ್ಮಿ ಫೋಟೊ ಪಕ್ಕ ಇಟ್ಟುಕೊಂಡಿದ್ದಾರೆ. ಸಂಜೆ ಎಲ್.ಬಿ.ಎಸ್. ಮಾರ್ಗದಲ್ಲಿ ಬೆವರಿ ಬಂದವರಿಗೆ ತೋರಿಸುತ್ತಾರೆ.

ರಸ್ತೆಗೆ ಗ್ರೇಡ್ ಕೂಡ ಇದೆ, ಎಯಿಂದ ಎಫ್‌ವರೆಗೆ. ನಮ್ಮದು ಮೊದಲೇ ಎಫ್. ಎಫ್ ಆದ ಮೇಲೆ ಕೆಳಗೆ ಅಕ್ಷರವೇ ಇಲ್ಲ. ಆಗಲೇ ಫೇಲಾದ ಹುಡುಗನಿಗೆ ಇನ್ನೆರಡು ಮಾರ್ಕು ಹೋದರೆ ಮಾಸ್ತರು ತಲೆ ಕೆಡಿಸಿಕೊಳ್ಳುತ್ತಾರಾ? ಹಾಗಾಗಿ ‘ಪರಿಣಾಮ ನಗಣ್ಯ’. ಮುಂದಿನ ಪ್ಲಾಟಿನ ಟವರಿಗೂ ನಗಣ್ಯ, ಅದರಾಚೆಯದಕ್ಕೂ ನಗಣ್ಯ. ಹನಿ ಹನಿ ಕೂಡಿದರೆ ಹಳ್ಳ ಅಂತ ನಾವು ಕಲಿತದ್ದು. ಇಲ್ಲಿ ಹನಿಗೊಂದು ಫೈಲು, ಹಳ್ಳಕ್ಕೆ ಫೈಲೇ ಇಲ್ಲ.

ಟವರ್ ಬಂದರೆ ಪನ್ವೇಲ್ ಹತ್ತಿರದ ಒಂದು ರಸ್ತೆಯಲ್ಲಿ ವಾಹನ ಕಡಿಮೆಯಾಗುತ್ತವೆ ಅಂತಲೂ ಇತ್ತು. ಭಾಂಡುಪ್‌ನಲ್ಲಿ ಕಟ್ಟಿದರೆ ಪನ್ವೇಲಿಗೆ ಪುಣ್ಯ! ಲೆಕ್ಕ ಪೂರ್ತಿ ಕೂರುವ ಮೊದಲೇ ಕಂಪ್ಯೂಟರ್ ನಿಲ್ಲಿಸಿದರೆ ಹೀಗೆ ಅಲ್ಲಿಷ್ಟು ಇಲ್ಲಿಷ್ಟು ತೂಗಾಡುತ್ತದಂತೆ. ಆ ತೂಗಾಟದ ಮುಂದೆ ನಮ್ಮ 600 ಫ್ಲ್ಯಾಟ್ ಏನೂ ಅಲ್ಲ ಅಂತ ಹುಡುಗ ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಗಾಡಿ ಎಣಿಸುವ ಹಾಳೆಯನ್ನೂ ನೋಡಿದೆ. ಎಲ್ಲ ವಾಹನವನ್ನೂ ಕಾರಿಗೆ ಹೋಲಿಸಿ ಅಳೆಯುತ್ತಾರೆ. 1990ರ ರಸ್ತೆ ಕೈಪಿಡಿಯ ಪ್ರಕಾರ ಕೈಗಾಡಿ ಅಂದರೆ 2ರಿಂದ 3 ಕಾರು. ಟಾಂಗಾಕ್ಕೂ ಅಂಕಿ ಇದೆ, 1.5ರಿಂದ 2. ಫುಟ್‌ಪಾತ್ ಇಲ್ಲದೆ ಅದೇ ರಸ್ತೆಯಲ್ಲಿ ನಡೆಯುವ ಮನುಷ್ಯನಿಗೆ ಅಂಕಿ ಇಲ್ಲ. ಕುದುರೆಗೆ ಸಿಕ್ಕ ಮರ್ಯಾದೆ ನಮಗಿಲ್ಲ.

ಪರೇಲ್ ಕಡೆ ಬಟ್ಟೆ ಗಿರಣಿಗಳು ಹೋಗಿ ಆಫೀಸ್ ಟವರ್‌ಗಳು ಬಂದವು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಪಾದಚಾರಿ ಸೇತುವೆ ಮಾತ್ರ ಅಷ್ಟೇ ಅಗಲ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯಲ್ಲಿ, ಅಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಅವರೆಲ್ಲ ನಡೆಯುತ್ತಿದ್ದವರು.

ಮೊನ್ನೆ ಹುಡುಗನ ಕೆಲಸ ಮುಗಿಯಿತು. ರಾತ್ರಿ ದಾದರ್‌ನಿಂದ ಧಾರವಾಡಕ್ಕೆ ರೈಲು. ಶೆಟ್ರು ದಾರಿಗೆ ಇಡ್ಲಿ ಕಟ್ಟಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ರಿಕ್ಷಾ ಹತ್ತಿಸಿ ಬಂದು ನಾನು ಒಂದು ಕಟಿಂಗ್ ಚಹಾ ಕುಡಿದೆ, ಪೇಪರ್ ಓದಿದೆ, ಇನ್ನೊಂದು ಕಟಿಂಗ್ ಹೇಳಿದೆ. ಅರ್ಧ ಗಂಟೆ ಆಗಿರಬೇಕು. ಲೋಕಲ್ ಸಿಕ್ಕಿತಾ ಅಂತ ಫೋನ್ ಮಾಡಿದೆ. ಆ ಕಡೆಯಿಂದ ಬರೀ ಹಾರ್ನು.

“ಎಲ್ಲಿದ್ದೀಯಪ್ಪಾ?”

“ಇನ್ನೂ ಝೋನ್ ಒಳಗ ಅದೀನ್ರಿ ಸರ.”