ಸ್ಪಷ್ಟನೆ: ನಾಟಿ ಮೊಟ್ಟೆಯನ್ನೂ ಹಸಿಯಾಗಿ ಕುಡಿಯಬಾರದು

"ನಾಟಿ ಕೋಳಿ ಮೊಟ್ಟೆಯಲ್ಲಿ ರೋಗಾಣು ಇರಲ್ಲ, ಮಕ್ಕಳಿಗೆ ಹಸಿಯಾಗಿಯೇ ಕುಡಿಸಬಹುದು, ಅಪಾಯ ಇರುವುದು ಫಾರಂ ಮೊಟ್ಟೆಯಲ್ಲಿ ಮಾತ್ರ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ನಮ್ಮ ಮನೆಯವರ ಗುಂಪಿಗೆ ಕಳಿಸಿದ್ದೆ. ಅದು ತಪ್ಪು.

ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಫಾರಂ ಕೋಳಿಯಲ್ಲೂ ಇರಬಹುದು, ಹಿತ್ತಲಿನ ಕೋಳಿಯಲ್ಲೂ ಇರಬಹುದು. ಕೋಳಿ ಚೆನ್ನಾಗಿ ಮೇಯ್ದುಕೊಂಡು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರೂ ಅದರ ಹಿಕ್ಕೆಯಲ್ಲಿ ಈ ರೋಗಾಣು ಇರಬಹುದು, ಅಲ್ಲಿಂದ ಚಿಪ್ಪಿಗೆ ಅಂಟಬಹುದು, ಕೆಲವೊಮ್ಮೆ ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯ ಒಳಗೆ ಸೇರಿರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಸಾಕಿದ ಕೋಳಿಗಳಿಂದ ಜನರಿಗೆ ಹರಡಿದ ಸಾಲ್ಮೊನೆಲ್ಲಾ ಸೋಂಕನ್ನು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ವರ್ಷ ವರ್ಷವೂ ವರದಿ ಮಾಡುತ್ತಿದೆ. ಇನ್ನು ಚಿಪ್ಪಿನ ಕಂದು ಬಣ್ಣ ತಳಿಯಿಂದ ಬರುವುದು ಅಷ್ಟೇ, ಬಣ್ಣ ನೋಡಿ ರೋಗಾಣು ಇಲ್ಲ ಅಂದುಕೊಳ್ಳಬೇಡಿ.

ನಾಟಿ ಮೊಟ್ಟೆ ತಿನ್ನಬೇಡಿ ಅಂತಲ್ಲ. ಯಾವ ಮೊಟ್ಟೆಯಾದರೂ ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ. ಗೂಡಿಗೆ ಕೈ ಹಾಕಿದ ಮೇಲೆ ಸೋಪಿನಿಂದ ತೊಳೆದುಕೊಳ್ಳಿ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಸಿ ಮೊಟ್ಟೆ ಕೊಡಲೇಬೇಡಿ, ಈ ಸೋಂಕು ಅವರನ್ನು ಜಾಸ್ತಿ ಕಾಡುತ್ತದೆ.

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.